ಬಿಡುವು ಕೊಡದ ಕಲೆ: ಫೈಟಿಂಗ್ ಹರಾಡ

ಬ್ರೆಜಿಲ್ ದೇಶದ ಎಡೆರ್ ಜೋಫ್ರೆ ವೃತ್ತಿಪರ ಬಾಕ್ಸಿಂಗ್‌ನಲ್ಲಿ ಆಡಿದ 78 ಪಂದ್ಯಗಳ ಪೈಕಿ ಸೋತದ್ದು ಎರಡನ್ನು ಮಾತ್ರ, ಮತ್ತು ಆ ಎರಡರಲ್ಲಿಯೂ ಅವರನ್ನು ಸೋಲಿಸಿದವರು ಟೋಕಿಯೋದ ಮಸಾಹಿಕೊ ಹರಾಡ ಒಬ್ಬರೇ. ಬ್ಯಾಂಟಮ್‌ವೇಟ್ ವಿಭಾಗದ ಇತಿಹಾಸವನ್ನು ಬಲ್ಲವರಲ್ಲಿ ಅನೇಕರು ಜೋಫ್ರೆಯವರನ್ನು ಆ ತೂಕದ ಸರ್ವಶ್ರೇಷ್ಠರೆಂದೇ ಎಣಿಸುತ್ತಾರೆ. ಹಾಗಿದ್ದರೂ, ಅಂಥವರನ್ನು ಎರಡು ಬಾರಿ ಮಣಿಸಿದ ‘ಫೈಟಿಂಗ್ ಹರಾಡ’ ಅವರ ಹೆಸರು ಬಂದಾಗ ಮಾತು ಬಹುಮಟ್ಟಿಗೆ ಛಲ, ಕೆಚ್ಚು, ದಣಿವರಿಯದ ದೇಹ ಎಂಬ ಗುಣಗಳಲ್ಲೇ ಮುಗಿದುಹೋಗುತ್ತದೆ. ಈ ಹೊಗಳಿಕೆ ಸುಳ್ಳಲ್ಲವಾದರೂ ಅಪೂರ್ಣವಾದದ್ದು. ಏಕೆಂದರೆ ಎದುರಾಳಿಗೆ ಕಾಲೂರಿ ನಿಂತು ಲೆಕ್ಕ ಹಾಕುವಷ್ಟು ವ್ಯವಧಾನವನ್ನೇ ಉಳಿಸದಂತೆ ಹದಿನೈದು ರೌಂಡುಗಳುದ್ದಕ್ಕೂ ಒತ್ತಡ ಹೇರುವುದು ಬರಿಯ ಧೈರ್ಯದಿಂದ ಆಗುವ ಕೆಲಸವಲ್ಲ, ಅದಕ್ಕೆ ಜಾಬ್ ಅಥವಾ ಹುಕ್‌ನಂಥ ಹೊಡೆತಗಳಿಗೆ ಬೇಕಾದಷ್ಟೇ ಕಲಿಕೆ ಬೇಕು. ಆ ಕಲೆಯನ್ನು ಹಗುರ ತೂಕಗಳಲ್ಲಿ ಹರಾಡ ಅವರಷ್ಟು ಎತ್ತರಕ್ಕೆ ಒಯ್ದವರು ವಿರಳ.

1943ರ ಏಪ್ರಿಲ್ 5ರಂದು ಟೋಕಿಯೋದ ಸೆತಗಾಯಾದಲ್ಲಿ ತೋಟಗಾರರೊಬ್ಬರ ಮಗನಾಗಿ ಹುಟ್ಟಿದ ಹರಾಡ, ಎಳೆಯ ವಯಸ್ಸಿನಲ್ಲೇ ಅಕ್ಕಿ ಅಂಗಡಿಯೊಂದರಲ್ಲಿ ದುಡಿಯುತ್ತ ಸಸಾಜಾಕಿ ಜಿಮ್ ಸೇರಿದರು. ಜಪಾನಿನಲ್ಲಿ ಜಿಮ್ ಎಂದರೆ ಕೇವಲ ಅಭ್ಯಾಸದ ಜಾಗವಲ್ಲ. ಬಾಕ್ಸರ್‌ನ ತರಬೇತಿ, ಪಂದ್ಯಗಳ ಒಪ್ಪಂದ, ದಿನಚರಿ ಎಲ್ಲವನ್ನೂ ಅದೇ ನೋಡಿಕೊಳ್ಳುವುದರಿಂದ, ನಮ್ಮ ಗರಡಿಮನೆಯ ಉಸ್ತಾದರಂತೆ ಜಿಮ್‌ನ ಯಜಮಾನರ ಮಾತೇ ಅಲ್ಲಿ ಕಟ್ಟಳೆ. ಆ ಜಿಮ್ ಕಟ್ಟಿದ ಸಸಾಜಾಕಿಯವರು ಯುದ್ಧಪೂರ್ವ ಕಾಲದ ಹೆಸರಾಂತ ಬಾಕ್ಸರ್, ನೇರ ಹೊಡೆತಗಳ ಚೂಪಿನಿಂದಾಗಿ ‘ಈಟಿಯ ಸಸಾಜಾಕಿ’ ಎಂದು ಕರೆಸಿಕೊಂಡವರು. 1941ರಲ್ಲಿ ಅವರನ್ನು ಸೋಲಿಸಿದವರು ಎಡೆಬಿಡದೆ ನುಗ್ಗುವುದಕ್ಕೇ ಪ್ರಸಿದ್ಧರಾಗಿದ್ದ ‘ಪಿಸ್ಟನ್’ ಹೊರಿಗುಚಿ. ದೂರದಿಂದ ನೇರವಾಗಿ ಹೊಡೆಯುವ ಗುರುವಿನ ಕೈಯಲ್ಲಿ ಹೊರಿಗುಚಿಯನ್ನು ನೆನಪಿಸುವ ನುಗ್ಗಾಟದ ಶಿಷ್ಯ ರೂಪುಗೊಂಡದ್ದು ಜಪಾನಿ ಬಾಕ್ಸಿಂಗ್ ಪರಂಪರೆಯ ಗಮನಾರ್ಹ ತಿರುವು, ಮತ್ತು ಹರಾಡ ಅವರ ಆಟದಲ್ಲಿ ಈ ಎರಡೂ ಧಾರೆಗಳು ಕೂಡಿಕೊಂಡಿದ್ದವು ಎಂಬುದನ್ನು ಮರೆತವರಿಗೆ ಅವರ ಮುಂದಿನ ಗೆಲುವುಗಳು ಸರಿಯಾಗಿ ಅರ್ಥವಾಗುವುದಿಲ್ಲ.

1960ರ ಫೆಬ್ರವರಿಯಲ್ಲಿ, ಹದಿನಾರರ ವಯಸ್ಸಿನಲ್ಲಿ, ಅವರು ವೃತ್ತಿಪರ ಕಣಕ್ಕೆ ಇಳಿದರು. ಅದೇ ವರ್ಷದ ಕೊನೆಗೆ, ಹೊಸಬರಿಗಾಗಿ ನಡೆಯುವ ಸ್ಪರ್ಧೆಯ ಫ್ಲೈವೇಟ್ ಫೈನಲ್‌ನಲ್ಲಿ, ಮುಂದೆ ತಾವೂ ವಿಶ್ವ ಚಾಂಪಿಯನ್ ಆಗಲಿದ್ದ ಹಿರೊಯುಕಿ ಎಬಿಹಾರ ಅವರನ್ನು ಸೋಲಿಸಿದರು. ಹರಾಡ, ಎಬಿಹಾರ ಮತ್ತು ಕತ್ಸುತೋಶಿ ಅಓಕಿ ಈ ಮೂವರೂ ಒಂದೇ ಕಾಲಕ್ಕೆ ಬೆಳೆದುಬಂದದ್ದರಿಂದ, 1954ರಲ್ಲಿ ಯೋಶಿಯೊ ಶಿರಾಯಿ ಅವರು ಪಟ್ಟ ಕಳೆದುಕೊಂಡ ಮೇಲೆ ಒಬ್ಬನೇ ಒಬ್ಬ ವಿಶ್ವ ಚಾಂಪಿಯನ್ ಇಲ್ಲದೆ ಕಾದಿದ್ದ ಜಪಾನಿಗೆ ಹಗುರ ತೂಕಗಳಲ್ಲಿ ಮತ್ತೆ ಭರವಸೆ ಮೂಡಿತು.

ಇಲ್ಲಿ ತೂಕದ ವಿಂಗಡಣೆಯ ಬಗ್ಗೆ ಸ್ವಲ್ಪ ವಿವರಣೆ ಅಗತ್ಯ. ಬಾಕ್ಸರ್‌ಗಳನ್ನು ದೇಹತೂಕದ ಮೇಲೆ ವಿಭಾಗಿಸಲಾಗುತ್ತದೆ. ಫ್ಲೈವೇಟ್‌ನ ಮಿತಿ 50.8 ಕಿಲೋ, ಬ್ಯಾಂಟಮ್‌ವೇಟ್‌ನದು 53.5 ಕಿಲೋ, ಫೆದರ್‌ವೇಟ್‌ನದು ಸುಮಾರು 57.2 ಕಿಲೋ. ಇಂದು ಈ ಮೂರು ಮೆಟ್ಟಿಲುಗಳ ನಡುವೆಯೂ ಕೆಳಗೂ ಇನ್ನೂ ನಾಲ್ಕು ಮೆಟ್ಟಿಲುಗಳು ಹುಟ್ಟಿಕೊಂಡಿವೆ, ಪ್ರತಿಯೊಂದರಲ್ಲೂ ನಾಲ್ಕು ಸಂಸ್ಥೆಗಳು ಬೇರೆ ಬೇರೆ ಬೆಲ್ಟ್ ಕೊಡುತ್ತವೆ. 1962ರಲ್ಲಾದರೋ ಹಗುರ ತೂಕದವರಿಗೆ ಇದ್ದದ್ದು ಮೂರೇ ಮೆಟ್ಟಿಲು, ಫ್ಲೈವೇಟ್‌ನ ಮೇಲೆ ಕಾಲಿಡಬೇಕೆಂದರೆ ನೇರ ಬ್ಯಾಂಟಮ್‌ವೇಟ್‌ಗೇ ಇಡಬೇಕಿತ್ತು. ತೂಕದ ಪರೀಕ್ಷೆಯೂ ಈಗಿನಂತೆ ಹಿಂದಿನ ದಿನ ನಡೆಯದೆ ಪಂದ್ಯದ ದಿನವೇ ನಡೆಯುತ್ತಿದ್ದುದರಿಂದ, ಉಪವಾಸವಿದ್ದು ಬೆವರಿಳಿಸಿ ತೂಕ ಕಳೆದುಕೊಂಡವನಿಗೆ ನೀರು, ಆಹಾರ ಸೇವಿಸಿ ಚೇತರಿಸಿಕೊಳ್ಳಲು ಕೆಲವೇ ಗಂಟೆಗಳು ಸಿಗುತ್ತಿದ್ದವು. ಸಹಜವಾಗಿ ಬಹಳ ಬೇಗ ತೂಕ ಏರುತ್ತಿದ್ದ ದೇಹ ಹರಾಡ ಅವರದು. ಅವರು ಬಾಯಾರಿಕೆಗೆ ಸೋತು ನೀರು ಕುಡಿದುಬಿಡಬಾರದೆಂದು ಜಿಮ್‌ನ ನಲ್ಲಿಗಳನ್ನು ತಂತಿಯಿಂದ ಬಿಗಿದಿಡಲಾಗುತ್ತಿತ್ತೆಂಬ ಮಾತು ಜಪಾನಿನಲ್ಲಿ ಇಂದಿಗೂ ಪ್ರಚಲಿತ. ಎಲ್ಲರಿಗಿಂತ ಹೆಚ್ಚು ಓಡಾಡುವ, ಎಲ್ಲರಿಗಿಂತ ಹೆಚ್ಚು ಹೊಡೆಯುವ ಆಟವನ್ನು ಇಂಥ ಒಣಗಿದ ದೇಹದಿಂದ ಆಡಿದ್ದು ಅವರ ಸಾಧನೆಯ ಅತ್ಯಂತ ಬೆರಗಿನ ಭಾಗ.

1962ರ ಅಕ್ಟೋಬರ್ 10ರಂದು ಟೋಕಿಯೋದ ಕುರಾಮಾಎ ಕೊಕುಗಿಕಾನ್ ಸಭಾಂಗಣದಲ್ಲಿ, ಮೊದಲು ನಿಗದಿಯಾಗಿದ್ದ ಸದಾಓ ಯಾಒಯಿತಾ ನಿವೃತ್ತರಾದ್ದರಿಂದ ಅವರ ಬದಲಿಗೆ ಅವಕಾಶ ಪಡೆದ ಹತ್ತೊಂಬತ್ತರ ಹರಾಡ, ಥಾಯ್ಲೆಂಡಿನ ಮೊದಲ ವಿಶ್ವ ಚಾಂಪಿಯನ್ ಪೋನ್ ಕಿಂಗ್‌ಪೆಚ್ ಅವರನ್ನು ಎದುರಿಸಿದರು. ಪೋನ್ ಫ್ಲೈವೇಟ್‌ಗೆ ಎತ್ತರದ ಆಳು, ಉದ್ದನೆಯ ಎಡಗೈಯ ಜಾಬ್‌ನಿಂದ, ಅಂದರೆ ಮುಂದಿರುವ ಕೈಯ ಚುರುಕು ನೇರ ಹೊಡೆತದಿಂದ, ಎದುರಾಳಿಯನ್ನು ದೂರವಿಟ್ಟು ಗೆಲ್ಲುವವರು. ಅಂಥವರ ಎದುರು ಗಿಡ್ಡನೆಯ ಬಾಕ್ಸರ್ ಮಾಡಬೇಕಾದ್ದು ಆ ಕೈಯ ಒಳಗೆ ನುಸುಳುವುದು. ಹರಾಡ ಅದನ್ನು ತಲೆಯನ್ನು ಅತ್ತಿತ್ತ ಆಡಿಸುತ್ತ, ಒಮ್ಮೆ ಒಳಗೆ ಬಂದ ಮೇಲೆ ಹೊರಬೀಳುವ ದಾರಿಯನ್ನು ಎದುರಾಳಿಗೆ ಮುಚ್ಚುತ್ತ ಮಾಡಿದರು. 11ನೇ ರೌಂಡಿನಲ್ಲಿ ಪೋನ್ ಅವರನ್ನು ರಿಂಗಿನ ಮೂಲೆಗೆ ಒತ್ತಿ, ಉಸಿರಾಡಲೂ ಬಿಡದಂತೆ ಎರಡೂ ಕೈಗಳಿಂದ ಹೊಡೆತದ ಮೇಲೆ ಹೊಡೆತ ಸುರಿದು ನಾಕೌಟ್ ಮಾಡಿದರು. ಶಿರಾಯಿಯವರ ನಂತರ ಜಪಾನಿಗೆ ಸಿಕ್ಕ ಎರಡನೇ ವಿಶ್ವ ಚಾಂಪಿಯನ್ ಅವರು. ಆ ರಾತ್ರಿಯ ನುಗ್ಗಾಟದಿಂದಲೇ ‘ಹುಚ್ಚೆದ್ದ ಗಾಳಿಯಂತ್ರ’ ಎಂಬ ಬಿರುದು ಅಂಟಿಕೊಂಡಿತು; ಅವರನ್ನು ಬರಿಯ ಆವೇಶದ ಬಾಕ್ಸರ್ ಎಂದು ಕಾಣುವ ರೂಢಿಯ ಬೇರು ಕೂಡ ಅಲ್ಲಿಯೇ ಇದೆ. ಮೂರು ತಿಂಗಳ ಬಳಿಕ, 1963ರ ಜನವರಿ 12ರಂದು, ಬ್ಯಾಂಕಾಕ್‌ನಲ್ಲಿ ನಡೆದ ಮರುಪಂದ್ಯದಲ್ಲಿ ಅಂಕಗಳ ಮೇಲೆ ಸೋತು ಪಟ್ಟವನ್ನು ಪೋನ್ ಅವರಿಗೇ ಒಪ್ಪಿಸಿದ ಹರಾಡ, ಫ್ಲೈವೇಟ್ ಮಿತಿಯೊಂದಿಗಿನ ಹೋರಾಟವನ್ನು ಅಲ್ಲಿಗೇ ಬಿಟ್ಟು ಬ್ಯಾಂಟಮ್‌ವೇಟ್‌ಗೆ ಏರಿದರು.

ಹೊಸ ತೂಕದಲ್ಲಿ ಅವರಿಗೆ ಪಾಠ ಕಲಿಸಿದವರು ಮೆಕ್ಸಿಕೋದ ಹೋಸೆ ಮೆಡೆಲ್. ಹಿಂದೆ ಹಗ್ಗಕ್ಕೆ ಒರಗಿ, ಎದುರಾಳಿ ನುಗ್ಗಿ ಬರುವ ಕ್ಷಣಕ್ಕಾಗಿ ಕಾದು ಮರುಹೊಡೆತ ಕೊಡುವುದರಲ್ಲಿ ಮೆಡೆಲ್ ಅವರಿಗೆ ಸಮನಾದವರು ಆ ಕಾಲದಲ್ಲಿ ಇರಲಿಲ್ಲವೆಂದೇ ಹೇಳಬೇಕು; 1963ರ ಸೆಪ್ಟೆಂಬರ್‌ನಲ್ಲಿ ಟೋಕಿಯೋದಲ್ಲಿ ಅವರು ಹರಾಡ ಅವರನ್ನು ಆರನೇ ರೌಂಡಿನಲ್ಲಿ ಮುಗಿಸಿದರು. ನುಗ್ಗುವ ವೇಗ ಮಾತ್ರ ಇದ್ದು ನುಗ್ಗುವ ಕೋನ, ಹೊತ್ತು, ತಲೆಯ ಸ್ಥಾನ ಇವುಗಳ ಲೆಕ್ಕ ತಪ್ಪಿದರೆ ಒತ್ತಡದ ಆಟ ಎದುರಾಳಿಗೇ ಅಸ್ತ್ರವಾಗುತ್ತದೆ ಎಂಬುದು ಅಲ್ಲಿ ಬಯಲಾಯಿತು. ಮರುವರ್ಷ ಅಓಕಿಯವರನ್ನು ಮೂರೇ ರೌಂಡುಗಳಲ್ಲಿ ನಾಕೌಟ್ ಮಾಡಿದ ಹೊತ್ತಿಗೆ ಹರಾಡ ಬೇರೆಯೇ ಬಾಕ್ಸರ್ ಆಗಿದ್ದರು. ಮೊದಲಿನಂತೆ ಒಂದೇ ಗೆರೆಯಲ್ಲಿ ನುಗ್ಗದೆ, ಹೆಜ್ಜೆಯನ್ನು ಪಕ್ಕಕ್ಕೆ ಹಾಕಿ ಒಳಬರುವ ಪ್ರೌಢಿಮೆ ಅವರಲ್ಲಿ ಬಂದಿತ್ತು.

ಜೋಫ್ರೆಯವರು 1965ರ ಮೇ 18ರಂದು ನಗೋಯಾದ ರಿಂಗಿಗೆ ಬಂದಾಗ ಐವತ್ತು ಪಂದ್ಯಗಳಲ್ಲಿ ಒಂದನ್ನೂ ಸೋತಿರಲಿಲ್ಲ. ಸಾವೊ ಪಾಲೊದ ಬಾಕ್ಸಿಂಗ್ ಮನೆತನದಲ್ಲಿ ಹುಟ್ಟಿ, ಸಸ್ಯಾಹಾರದ ಮೇಲೆ ದೇಹ ಕಟ್ಟಿದ ಅವರಲ್ಲಿ ರಕ್ಷಣೆ, ಹೊಡೆತದ ಬಲ, ದೂರದ ಅಂದಾಜು ಎಲ್ಲವೂ ಸಮಪ್ರಮಾಣದಲ್ಲಿದ್ದವು. ಮೆಡೆಲ್ ಅವರನ್ನು ಎರಡು ಬಾರಿ, ಅಓಕಿಯವರನ್ನು ಅವರದೇ ನೆಲದಲ್ಲಿ ಮೂರು ರೌಂಡುಗಳಲ್ಲಿ ನಾಕೌಟ್ ಮಾಡಿದ್ದ ಅವರಿಗೆ, ತಾವು ಸೋಲಿಸಿದ್ದ ಅದೇ ಮೆಡೆಲ್‌ಗೆ ಸೋತಿದ್ದ ಹರಾಡ ಅವರ ಬಗ್ಗೆ ಭಯಪಡಲು ಕಾರಣವೇ ಇರಲಿಲ್ಲ ಎಂದು ಎಲ್ಲರಿಗೂ ತೋರಿದ್ದು ಸಹಜ. ಆದರೆ ಜೋಫ್ರೆಯವರ ಬಲವೆಲ್ಲ ಒಂದು ಷರತ್ತಿನ ಮೇಲೆ ನಿಂತಿತ್ತು: ಅವರಿಗೆ ಎದುರಾಳಿಯನ್ನು ಓದಿಕೊಳ್ಳಲು ಒಂದಿಷ್ಟು ಹೊತ್ತು, ಹೊಡೆಯುವ ಮುನ್ನ ಕಾಲೂರಲು ಒಂದು ಕ್ಷಣ ಬೇಕಿತ್ತು. ಹರಾಡ ಕಿತ್ತುಕೊಂಡದ್ದು ಅದನ್ನೇ. ಪ್ರತಿ ರೌಂಡಿನ ಮೊದಲ ಗಂಟೆಯಿಂದಲೇ ಒಳಗೆ ನುಗ್ಗಿ, ಹೊಡೆದು, ಮರುಹೊಡೆತ ಬರುವಷ್ಟರಲ್ಲಿ ಸ್ಥಳ ಬದಲಿಸಿ, ಮತ್ತೆ ನುಗ್ಗಿದರು. ನಾಲ್ಕನೇ ರೌಂಡಿನಲ್ಲಿ ಅವರ ಬಲಗೈಯ ಅಪ್ಪರ್‌ಕಟ್, ಅಂದರೆ ಕೆಳಗಿನಿಂದ ಗದ್ದದತ್ತ ಏರುವ ಹೊಡೆತ, ಜೋಫ್ರೆಯವರನ್ನು ತತ್ತರಿಸುವಂತೆ ಮಾಡಿತು. ಐದನೇ ರೌಂಡಿನಲ್ಲಿ ಜೋಫ್ರೆ ತಿರುಗಿಬಿದ್ದು ಕೊಟ್ಟ ಏಟುಗಳಿಗೆ ಹರಾಡ ಎಷ್ಟು ಕಂಗೆಟ್ಟರೆಂದರೆ ರೌಂಡು ಮುಗಿದಾಗ ತಮ್ಮ ಮೂಲೆಯನ್ನು ಬಿಟ್ಟು ಎದುರಾಳಿಯ ಮೂಲೆಯತ್ತ ನಡೆದರು. ಪಂದ್ಯದ ನಿಜವಾದ ತಿರುವು ಆರನೇ ರೌಂಡಿನಲ್ಲಿದೆ. ಅಷ್ಟು ಪೆಟ್ಟು ತಿಂದವರು ಸಾಮಾನ್ಯವಾಗಿ ಹಿಂದೆ ಸರಿದು ಉಸಿರು ಹಿಡಿಯುತ್ತಾರೆ. ಹಿಂದೆ ಸರಿದಿದ್ದರೆ ಜೋಫ್ರೆಗೆ ಬೇಕಾಗಿದ್ದ ಆ ವ್ಯವಧಾನ ಸಿಕ್ಕಿಬಿಡುತ್ತಿತ್ತು ಎಂಬುದನ್ನರಿತ ಹರಾಡ ಮತ್ತೆ ಮುಂದಕ್ಕೇ ಬಂದರು. ಹದಿನೈದು ರೌಂಡುಗಳ ಕೊನೆಗೆ ಮೂವರು ತೀರ್ಪುಗಾರರಲ್ಲಿ ಇಬ್ಬರು ಅವರ ಪರವಾಗಿ, ಒಬ್ಬರು ಜೋಫ್ರೆ ಪರವಾಗಿ ತೀರ್ಪಿತ್ತರು.

ಒಡೆದ ತೀರ್ಪಿನ ಗೆಲುವನ್ನು ಅದೃಷ್ಟವೆನ್ನುವವರು ಇದ್ದೇ ಇರುತ್ತಾರೆ. ಅದಕ್ಕೆ ಉತ್ತರ 1966ರ ಮೇ 31ರಂದು ಟೋಕಿಯೋದ ನಿಪ್ಪೋನ್ ಬುದೋಕಾನ್‌ನಲ್ಲಿ ಸಿಕ್ಕಿತು. ಈ ಬಾರಿ ಮೂವರು ತೀರ್ಪುಗಾರರೂ ಹರಾಡ ಅವರನ್ನೇ ವಿಜೇತರೆಂದು ಸಾರಿದರು. ಆ ರಾತ್ರಿಯ ದೂರದರ್ಶನ ಪ್ರಸಾರವನ್ನು ಶೇಕಡಾ 63.7ರಷ್ಟು ಮನೆಗಳು ನೋಡಿದವೆಂಬ ದಾಖಲೆ ಜಪಾನಿ ದೂರದರ್ಶನದ ಇತಿಹಾಸದಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು. ಸೋತ ಜೋಫ್ರೆ ಆಗ ನಿವೃತ್ತರಾಗಿ, ವರ್ಷಗಳ ನಂತರ ಮರಳಿ ಬಂದು, 1973ರಲ್ಲಿ ಫೆದರ್‌ವೇಟ್ ಪಟ್ಟ ಗೆದ್ದು, ಮತ್ತೆಂದೂ ಸೋಲದೆ ಆಟ ಮುಗಿಸಿದರು ಎಂಬುದನ್ನು ಸೇರಿಸಿಕೊಂಡು ನೋಡಿದರೆ ಹರಾಡ ಅವರ ಎರಡು ಗೆಲುವುಗಳ ತೂಕ ಇನ್ನೂ ಹೆಚ್ಚುತ್ತದೆ. ಅವರು ಸೋಲಿಸಿದ್ದು ಮುಗಿದುಹೋಗಿದ್ದ ಚಾಂಪಿಯನ್‌ನನ್ನಲ್ಲ.

ಈ ಎರಡು ಪಂದ್ಯಗಳ ನಡುವೆ ಇಂಗ್ಲೆಂಡಿನ ಅಲನ್ ರಡ್ಕಿನ್ ಅವರನ್ನೂ, 1967ರಲ್ಲಿ ಮೊದಲು ಮೆಡೆಲ್ ಅವರನ್ನೂ ಬಳಿಕ ಕೊಲಂಬಿಯಾದ ಬೆರ್ನಾರ್ಡೊ ಕರಾಬಾಯೊ ಅವರನ್ನೂ ಅಂಕಗಳ ಮೇಲೆ ಸೋಲಿಸಿ ಹರಾಡ ಪಟ್ಟ ಉಳಿಸಿಕೊಂಡರು. 1968ರ ಫೆಬ್ರವರಿ 27ರಂದು ಅದನ್ನು ಕಸಿದುಕೊಂಡವರು ಆಸ್ಟ್ರೇಲಿಯಾದ ಮೂಲನಿವಾಸಿ ಸಮುದಾಯದ ಹತ್ತೊಂಬತ್ತರ ಯುವಕ ಲಯೋನೆಲ್ ರೋಸ್. ತಾವು ಮೊದಲ ಪಟ್ಟ ಗೆದ್ದ ವಯಸ್ಸಿನವನೇ ಆದ, ತಮ್ಮಂತೆಯೇ ಬದಲಿ ಸ್ಪರ್ಧಿಯಾಗಿ ಬಂದ ಹುಡುಗನಿಗೆ ಹರಾಡ ಸೋತರು. ರೋಸ್ ಅವರ ಗೆಲುವು ಅವರ ಸಮುದಾಯಕ್ಕೆ ಏನಾಗಿತ್ತೆಂಬುದಕ್ಕೆ ಮೆಲ್ಬರ್ನ್‌ನಲ್ಲಿ ಅವರನ್ನು ಸ್ವಾಗತಿಸಲು ನೆರೆದ ಲಕ್ಷಕ್ಕೂ ಮೀರಿದ ಜನಸ್ತೋಮವೇ ಸಾಕ್ಷಿ, ಅದು ಪ್ರತ್ಯೇಕ ಬರಹವನ್ನೇ ಬೇಡುವ ಕಥೆ.

ಹರಾಡ ಅವರ ಮೂರನೇ ಪಟ್ಟದ ಪ್ರಯತ್ನದ ಬಗ್ಗೆ ಸಿಟ್ಟಿಲ್ಲದೆ ಬರೆಯುವುದು ಕಷ್ಟ. 1969ರ ಜುಲೈ 28ರಂದು ಸಿಡ್ನಿಯಲ್ಲಿ, ಫ್ರಾನ್ಸ್‌ನಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ಬೆಳೆದ ಜಾನಿ ಫಾಮೆಶಾನ್ ಅವರ ಫೆದರ್‌ವೇಟ್ ಪಟ್ಟಕ್ಕಾಗಿ ಅವರು ಸೆಣಸಿದರು. ಆ ಪಂದ್ಯಕ್ಕೆ ತೀರ್ಪುಗಾರರು ಬೇರೆ ಇರಲಿಲ್ಲ. ಒಂದು ಕಾಲದ ಮಹಾನ್ ಫೆದರ್‌ವೇಟ್ ಚಾಂಪಿಯನ್ ವಿಲ್ಲಿ ಪೆಪ್ ಅವರೇ ರೆಫರಿಯೂ ಏಕೈಕ ತೀರ್ಪುಗಾರರೂ ಆಗಿದ್ದರು. ಅಲ್ಲಿ ಬಳಸಿದ ಪದ್ಧತಿಯಲ್ಲಿ ರೌಂಡು ಗೆದ್ದವರಿಗೆ ಐದು ಅಂಕ, ಸೋತವರಿಗೆ ಅದಕ್ಕಿಂತ ಕಡಿಮೆ. ಹರಾಡ ಒಮ್ಮೆ ನೆಲಕ್ಕೆ ಬಿದ್ದರೆ ಫಾಮೆಶಾನ್ ಮೂರು ಬಾರಿ ಬಿದ್ದರು, ಕೊನೆಯ ಬಾರಿ ಬಿದ್ದದ್ದು 14ನೇ ರೌಂಡಿನಲ್ಲಿ. ಗಂಟೆ ಬಾರಿಸಿದ ಮೇಲೆ ಪೆಪ್ ಮೊದಲು ಪಂದ್ಯ ಸಮವಾಯಿತೆಂದು ಸೂಚಿಸಿ, ಅಂಕಪಟ್ಟಿಯನ್ನು ಮತ್ತೆ ಕೂಡಿಸಿ ನೋಡಿದಾಗ ಲೆಕ್ಕ 70–69 ಆಗಿ ಫಾಮೆಶಾನ್ ಗೆದ್ದರೆಂದು ಘೋಷಣೆಯಾಯಿತು. ಸ್ವಂತ ದೇಶದ ಆಟಗಾರ ಗೆದ್ದರೂ ಅಲ್ಲಿನ ಪ್ರೇಕ್ಷಕರೇ ಆ ತೀರ್ಪಿಗೆ ಛೀಮಾರಿ ಹಾಕಿದ್ದು ಅವರ ನ್ಯಾಯಬುದ್ಧಿಗೆ ಹಿಡಿದ ಕನ್ನಡಿ. ಆ ಒಂದು ಅಂಕ ಇತ್ತ ಬಿದ್ದಿದ್ದರೆ ಫ್ಲೈವೇಟ್, ಬ್ಯಾಂಟಮ್‌ವೇಟ್, ಫೆದರ್‌ವೇಟ್ ಮೂರರಲ್ಲೂ ವಿಶ್ವಪಟ್ಟ ಗೆದ್ದವರೆಂಬ, ಆ ಕಾಲದಲ್ಲಿ ಯಾರಿಗೂ ದಕ್ಕಿರದ ಕೀರ್ತಿ ಅವರದಾಗುತ್ತಿತ್ತು. 1970ರ ಜನವರಿ 6ರಂದು ಟೋಕಿಯೋದಲ್ಲಿ ನಡೆದ ಮರುಪಂದ್ಯದಲ್ಲಿ ಫಾಮೆಶಾನ್ 14ನೇ ರೌಂಡಿನಲ್ಲಿ ಯಾವ ವಿವಾದಕ್ಕೂ ಎಡೆಯಿಲ್ಲದಂತೆ ಅವರನ್ನು ನಾಕೌಟ್ ಮಾಡಿದರು, ಮತ್ತು ಇಪ್ಪತ್ತಾರನೇ ವಯಸ್ಸಿನಲ್ಲೇ ಹರಾಡ ಗ್ಲೌಸ್ ಬಿಚ್ಚಿಟ್ಟರು.

ಅವರ 55 ಗೆಲುವುಗಳಲ್ಲಿ ನಾಕೌಟ್‌ಗಳು 22 ಮಾತ್ರ. ಈ ಅಂಕಿಯನ್ನು ಹಿಡಿದು, ನಾಲ್ಕು ತೂಕಗಳಲ್ಲಿ ಪಟ್ಟ ಗೆದ್ದು ಬ್ಯಾಂಟಮ್‌ವೇಟ್ ಮತ್ತು ಸೂಪರ್ ಬ್ಯಾಂಟಮ್‌ವೇಟ್ ಎರಡರಲ್ಲೂ ನಾಲ್ಕು ಸಂಸ್ಥೆಗಳ ಬೆಲ್ಟ್‌ಗಳನ್ನು ಒಂದುಗೂಡಿಸಿದ ಇಂದಿನ ನಓಯಾ ಇನೊಉಯೆ ಅವರ ಮುಂದೆ ಹರಾಡ ಅವರನ್ನು ಕಿರಿದಾಗಿಸುವವರಿದ್ದಾರೆ. ಇನೊಉಯೆ ಒಂದೇ ಹೊಡೆತದಿಂದ ಪಂದ್ಯ ಮುಗಿಸಬಲ್ಲವರು, ಅವರ ಹಿರಿಮೆ ಪ್ರಶ್ನಾತೀತ. ಆದರೆ ಒಂದೇ ಹೊಡೆತದಿಂದ ಮುಗಿಸುವ ಬಲವಿಲ್ಲದೆಯೂ ಜೋಫ್ರೆಯಂಥವರನ್ನು ಮೂವತ್ತು ರೌಂಡುಗಳ ಕಾಲ ಎದುರಿಸಿ ಗೆಲ್ಲುವುದು ಇನ್ನೊಂದು ಬಗೆಯ ವಿದ್ಯೆ, ಒಂದನ್ನು ಅಳೆಯುವ ಕೋಲಿನಿಂದ ಇನ್ನೊಂದನ್ನು ಅಳೆಯಲಾಗದು. ಜೋಫ್ರೆ ಪಂದ್ಯಗಳ ಕಪ್ಪು ಬಿಳುಪು ಚಿತ್ರಿಕೆಗಳು ಉಳಿದುಬಂದಿವೆ. ಅವುಗಳನ್ನು ನೋಡುವವರು ಕೈಗಳ ರಭಸಕ್ಕೆ ಮಾರುಹೋಗದೆ ಹರಾಡ ಅವರ ಪಾದಗಳನ್ನು ಗಮನಿಸಬೇಕು, ಅದರಲ್ಲೂ ನಗೋಯಾ ಪಂದ್ಯದ ಆರನೇ ರೌಂಡಿನಲ್ಲಿ: ಜೋಫ್ರೆ ಎಡಕ್ಕೆ ಜರುಗುವ ಮೊದಲೇ ಆ ದಾರಿಯಲ್ಲಿ ಹರಾಡ ಅವರ ಕಾಲು ಬಂದು ನಿಂತಿರುತ್ತದೆ.