ಕಾರ್ಖಾನೆಯ ಫೋಟೋದಲ್ಲಿ ಕಾರ್ಖಾನೆ ಎಲ್ಲಿ?

ಹಕ್ಕಿ, ಹಂಪಿ, ಜೋಗ, ದಸರಾ ಆನೆ. ಹವ್ಯಾಸಿ ಫೋಟೋಗ್ರಫಿ ಅಂದ್ರೆ ಇಷ್ಟೇ ಅನ್ನೋ ಕಾಲ ಹೋಯಿತು. ಭಾನುವಾರ ಬೆಳಗಾಗೋದರೊಳಗೆ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಕೆಜಿಎಫ್‌ಗೋ, ಮಂಗಳೂರಿನ ಮುಚ್ಚಿದ ಹೆಂಚಿನ ಕಾರ್ಖಾನೆಗೋ, ಬಾಗಿಲು ಹಾಕಿದ ಯಾವುದೋ ಮಿಲ್ಲಿಗೋ ಹೊರಡುವವರು ನನಗೇ ಹತ್ತಾರು ಜನ ಗೊತ್ತು. ನಾನೂ ಅವರಲ್ಲೊಬ್ಬ. ಹಾಗಾಗಿ ಈ ಮಾತನ್ನು ಒಳಗಿನವನಾಗಿಯೇ ಹೇಳುತ್ತಿದ್ದೇನೆ. ನಮ್ಮ ಫೋಟೋಗಳು ಚೆನ್ನಾಗಿವೆ. ಆದರೆ ಅವುಗಳಲ್ಲಿ ಕಾರ್ಖಾನೆ ಇಲ್ಲ.

ಮತ್ತೇನಿದೆ ಅಂತೀರಾ? ತುಕ್ಕು ಇದೆ. ಒಡೆದ ಗಾಜಿನಿಂದ ಇಳಿಯುವ ಬಿಸಿಲುಕೋಲು ಇದೆ. ಗೋಡೆ ಸೀಳಿಕೊಂಡು ಬಂದ ಅರಳಿ ಗಿಡ ಇದೆ. ಬುಡದಲ್ಲಿ ಕೂತು ಮೇಲಕ್ಕೆ ನೋಡಿ ತೆಗೆದ ಚಿಮಣಿ, ಅದರ ಹಿಂದೆ ಕಪ್ಪು ಮೋಡ. ಸಾಲದು ಅಂತ ಆ ಮೋಡವನ್ನು ಕಂಪ್ಯೂಟರಿನಲ್ಲಿ ಇನ್ನಷ್ಟು ಕಪ್ಪು ಮಾಡಿರುತ್ತೇವೆ. ಕೆಳಗೆ ‘ಮೌನ’ ಅಂತಲೋ ‘ಕಾಲನ ಹೆಜ್ಜೆ’ ಅಂತಲೋ ಒಂದು ಶೀರ್ಷಿಕೆ. ಅಲ್ಲಿ ಹೆಂಚು ಸುಡುತ್ತಿದ್ದರೋ, ನೂಲು ತೆಗೆಯುತ್ತಿದ್ದರೋ, ಚಿನ್ನದ ಅದಿರು ಪುಡಿ ಮಾಡುತ್ತಿದ್ದರೋ ನೋಡಿದವರಿಗೆ ತಿಳಿಯುವುದಿಲ್ಲ. ಎಷ್ಟೋ ಸಲ ಊರ ಹೆಸರೂ ಇರುವುದಿಲ್ಲ. ಹಾಳುಮಂಟಪದ ಫೋಟೋಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ?

ತಮಾಷೆ ಏನೆಂದರೆ, ಈ ನಾಟಕೀಯ ಶೈಲಿ ಮೊದಲು ಬಂದದ್ದು ಕಾರ್ಖಾನೆಯ ಜಾಹೀರಾತಿಗೆ. ಮುಂಬಯಿಯ ಮಿತ್ತರ್ ಬೇಡಿ (1926–1985) ಅವರ ಕಪ್ಪು ಬಿಳುಪು ಚಿತ್ರಗಳನ್ನು ನೋಡಿ. ಸ್ವಾತಂತ್ರ್ಯದ ನಂತರದ ಉಕ್ಕಿನ ಸ್ಥಾವರ, ತೈಲ ಶುದ್ಧೀಕರಣ ಘಟಕ, ಕೊಳವೆಗಳ ಸಾಲು, ದೊಡ್ಡ ನೆರಳು, ಬಲವಾದ ಕೋನ. ಕಂಪನಿಗಳು ದುಡ್ಡು ಕೊಟ್ಟು ತೆಗೆಸಿದ ಚಿತ್ರಗಳು ಅವು, ಹೊಸ ದೇಶ ಎದ್ದು ನಿಲ್ಲುತ್ತಿದೆ ಎಂಬ ಹೆಮ್ಮೆಗೆ ತಕ್ಕ ಹಾಗೆ ತೆಗೆದವು. ಬೇಡಿಯವರು ಆ ಕೆಲಸದಲ್ಲಿ ನಿಪುಣರು, ಅದರಲ್ಲಿ ಎರಡು ಮಾತಿಲ್ಲ. ನಾವು ಮಾಡುತ್ತಿರುವುದೇನು? ಅದೇ ಕೋನ, ಅದೇ ನೆರಳು, ಅದೇ ಮೋಡವನ್ನು ಶೋಕಕ್ಕೆ ಬಳಸುತ್ತಿದ್ದೇವೆ. ಹುಟ್ಟುಹಬ್ಬಕ್ಕೆ ಬಾರಿಸಿದ ವಾಲಗವನ್ನೇ ತಿಥಿಗೂ ಬಾರಿಸಿದ ಹಾಗೆ. ಎರಡರಲ್ಲೂ ಯಂತ್ರ ಏನು ಮಾಡುತ್ತದೆ ಅನ್ನೋದು ಹಿಂದಕ್ಕೆ ಸರಿಯುತ್ತದೆ, ಅದನ್ನು ನೋಡಿ ನಮಗೆ ಏನನ್ನಿಸಬೇಕು ಅನ್ನೋದು ಮುಂದೆ ಬಂದು ಕೂರುತ್ತದೆ.

ಇದಕ್ಕೆ ಪೂರ್ತಿ ಬೇರೆಯಾದ ದಾರಿ ಹಿಡಿದವರು ಜರ್ಮನಿಯ ಬರ್ನ್ಡ್ ಬೆಷರ್ (1931–2007) ಮತ್ತು ಹಿಲ್ಲಾ ಬೆಷರ್ (1934–2015) ದಂಪತಿ. ಬರ್ನ್ಡ್ ಹುಟ್ಟಿದ್ದು ಜೀಗನ್ ಎಂಬ ಗಣಿಸೀಮೆಯ ಊರಲ್ಲಿ. ಮೊದಲು ಅಲ್ಲಿಯ ಒಂದು ಗಣಿಯ ಚಿತ್ರ ಬರೆಯಲು ಕೂತರಂತೆ. ಬರೆಯುತ್ತಿದ್ದ ಹಾಗೇ ಅದನ್ನು ಕೆಡವಲು ಶುರುಮಾಡಿದರು. ಪೆನ್ಸಿಲ್ಲಿಗಿಂತ ಗುದ್ದಲಿ ಜೋರು. ಹಾಗಾಗಿ ಕ್ಯಾಮೆರಾ ಹಿಡಿದರು. 1959ರಿಂದ ಹಿಲ್ಲಾ ಜೊತೆಯಾದರು. ಆಮೇಲೆ ಸುಮಾರು ಐದು ದಶಕ ಇಬ್ಬರೂ ತೆಗೆದದ್ದು ಹೆಚ್ಚಾಗಿ ಇಂಥವನ್ನೇ: ನೀರಿನ ಟ್ಯಾಂಕು, ಗಣಿಯ ಹೆಡ್‌ಗೇರ್, ಊದುಕುಲುಮೆ, ಸುಣ್ಣದ ಭಟ್ಟಿ, ಗ್ಯಾಸ್ ಟ್ಯಾಂಕು, ಕೂಲಿಂಗ್ ಟವರ್. ವ್ಯಾನಿನಲ್ಲಿ ಮಗುವನ್ನೂ ಕೂರಿಸಿಕೊಂಡು ಜರ್ಮನಿ, ಬೆಲ್ಜಿಯಂ, ಫ್ರಾನ್ಸ್, ಬ್ರಿಟನ್, ಅಮೆರಿಕ ಎಲ್ಲ ಸುತ್ತಿದರು.

ಅವರ ಫೋಟೋ ಮೊದಲ ಸಲ ನೋಡಿದವರಿಗೆ ‘ಅಯ್ಯೋ, ಇದೇನು ಸಪ್ಪೆ’ ಅನ್ನಿಸಿದರೆ ಆಶ್ಚರ್ಯವಿಲ್ಲ. ಮೋಡ ಕವಿದ ಬೂದು ಆಕಾಶ. ನೆರಳಿಲ್ಲ. ಜನರಿಲ್ಲ. ಕಟ್ಟಡ ಚೌಕಟ್ಟಿನ ನಟ್ಟನಡುವೆ, ಪಾಸ್‌ಪೋರ್ಟ್ ಫೋಟೋಗೆ ಕೂತವರ ಹಾಗೆ. ಒಂದು ನೋಡಿದರೆ ಸಪ್ಪೆಯೇ. ಆದರೆ ಅವರು ಒಂದನ್ನೇ ತೋರಿಸುವುದಿಲ್ಲ. ಒಂಬತ್ತು, ಹನ್ನೆರಡು, ಹದಿನೈದು ನೀರಿನ ಟ್ಯಾಂಕುಗಳನ್ನು ಸಾಲಾಗಿ ಜೋಡಿಸುತ್ತಾರೆ. ಆಗ ಶುರುವಾಗುತ್ತದೆ ನೋಡಿ ಆಟ. ಇದರ ಕಾಲು ದಪ್ಪ, ಅದರದ್ದು ಸಣ್ಣ. ಇದಕ್ಕೆ ಟೋಪಿ ಇದೆ, ಅದಕ್ಕಿಲ್ಲ. ಇದು ಇಟ್ಟಿಗೆ, ಅದು ಕಬ್ಬಿಣ. ಯಾಕಿರಬಹುದು? ಮದುವೆಮನೆಯಲ್ಲಿ ಅಣ್ಣತಮ್ಮಂದಿರನ್ನು ಸಾಲಾಗಿ ನಿಲ್ಲಿಸಿದಾಗ ಯಾರಿಗೆ ಅಜ್ಜನ ಮೂಗು, ಯಾರಿಗೆ ಅಜ್ಜಿಯ ಗದ್ದ ಅಂತ ಹುಡುಕುತ್ತೇವಲ್ಲ, ಹಾಗೆ. 1970ರಲ್ಲಿ ಬಂದ ಅವರ ಪುಸ್ತಕದ ಹೆಸರೇ ‘ಅನಾಮಧೇಯ ಶಿಲ್ಪಗಳು’ ಅನ್ನೋ ಅರ್ಥದ್ದು. 1990ರ ವೆನಿಸ್ ಬಿಯೆನಾಲೆಯಲ್ಲಿ ಈ ಫೋಟೋಗ್ರಾಫರ್ ದಂಪತಿಗೆ ಸಿಕ್ಕಿದ್ದು ಶಿಲ್ಪಕಲೆಯ ಪ್ರಶಸ್ತಿ!

ಈಗ ನಮ್ಮ ಹವ್ಯಾಸಿಗಳಲ್ಲೂ ಕೆಲವರು ಬೆಷರ್ ಹೆಸರು ಹೇಳುತ್ತಾರೆ. ಕಪ್ಪು ಬಿಳುಪು ಮಾಡಿ, ನಡುವೆ ನಿಲ್ಲಿಸಿ, ‘ಬೆಷರ್ ಶೈಲಿ’ ಅಂತಾರೆ. ನನ್ನ ತಕರಾರು ಇರೋದು ಇಲ್ಲಿ. ಬೂದು ಆಕಾಶ ಅವರಿಗೆ ಒಂದು ಸಲಕರಣೆ. ಬಿಸಿಲಿದ್ದರೆ ಒಂದು ತೊಲೆಯ ನೆರಳು ಇನ್ನೊಂದು ತೊಲೆಯ ಮೇಲೆ ಬಿದ್ದು ಯಾವುದು ಯಾವುದಕ್ಕೆ ಜೋಡಿಸಿದೆ ಅನ್ನೋದೇ ತಿಳಿಯುವುದಿಲ್ಲ. ಮೋಡವಿದ್ದರೆ ಪ್ರತಿ ಬೋಲ್ಟೂ ಕಾಣುತ್ತದೆ. ಕಟ್ಟಡ ತನ್ನ ಕೆಲಸವನ್ನು ತಾನೇ ಹೇಳಲಿ ಅನ್ನೋದು ಅವರ ಉದ್ದೇಶ.

ಕೆಜಿಎಫ್‌ನ ಹೆಡ್‌ಗೇರ್ ಉದಾಹರಣೆ ತಗೊಳ್ಳೋಣ. ಇದು ಬರೀ ಹೋಲಿಕೆಗೆ ಹುಡುಕಿದ್ದಲ್ಲ. ಬೆಷರ್ ದಂಪತಿ 1966ರಲ್ಲಿ ದಕ್ಷಿಣ ವೇಲ್ಸಿನ ಗಣಿಗಳಲ್ಲಿ ತಿಂಗಳುಗಟ್ಟಲೆ ಹೆಡ್‌ಗೇರ್‌ಗಳ ಚಿತ್ರ ತೆಗೆದರು. ನಮ್ಮ ಕೋಲಾರದ ಗಣಿಗಳನ್ನು 1880ರಿಂದ ನಡೆಸಿದ್ದು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ. ತಂತ್ರವೂ ಎಂಜಿನಿಯರುಗಳೂ ಬ್ರಿಟನ್ನಿನಿಂದ ಬಂದದ್ದು. ಅಂದರೆ ವೇಲ್ಸಿನ ಹೆಡ್‌ಗೇರ್‌ಗೂ ನಮ್ಮದಕ್ಕೂ ಮನೆತನ ಒಂದೇ.

ಹೆಡ್‌ಗೇರ್ ಅಂದ್ರೆ ಏನು? ದೊಡ್ಡದೊಂದು ಬಾವಿ ರಾಟೆ, ಅಷ್ಟೇ. ನೆಲದೊಳಕ್ಕೆ ಇಳಿದ ಶಾಫ್ಟಿನ ನೆತ್ತಿಗೆ ಕಬ್ಬಿಣದ ಗೋಪುರ, ತುದಿಯಲ್ಲಿ ಗಾಲಿ. ಗಾಲಿಯ ಒಂದು ಕಡೆ ಉಕ್ಕಿನ ಹಗ್ಗ ನೇರ ಕೆಳಗಿಳಿದು ಜನ ಕೂತ ಕೇಜನ್ನೋ ಅದಿರು ತುಂಬಿದ ಡಬ್ಬವನ್ನೋ ಹಿಡಿದಿರುತ್ತದೆ. ಇನ್ನೊಂದು ಕಡೆ ಓರೆಯಾಗಿ ಎಂಜಿನ್ ಮನೆಗೆ ಹೋಗಿ ಅಲ್ಲಿಯ ದೊಡ್ಡ ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ. ಬಾವಿಯಿಂದ ಎರಡು ಹೆಜ್ಜೆ ಹಿಂದೆ ನಿಂತು ನೀರು ಸೇದಿದರೆ ರಾಟೆಯ ಕಂಬ ನಿಮ್ಮ ಕಡೆಗೇ ವಾಲಲು ನೋಡುತ್ತದೆ, ಅಲ್ಲವೇ? ಇಲ್ಲೂ ಅಷ್ಟೇ. ಎಂಜಿನ್ ಎಳೆದಾಗ ಗೋಪುರ ಆ ಕಡೆ ಬೀಳಬಾರದು ಅಂತ ಎಂಜಿನ್ ಮನೆಯ ಕಡೆಗೆ ಎರಡು ಉದ್ದನೆಯ ಓರೆ ಕಾಲು ಕೊಟ್ಟಿರುತ್ತಾರೆ. ಹೆಡ್‌ಗೇರ್‌ನ ರೂಪವೆಲ್ಲ ಆ ಓರೆ ಕಾಲಿನಲ್ಲಿದೆ. ಪಕ್ಕದಿಂದ ತೆಗೆದರೆ ಕಾಲು, ಗಾಲಿ, ಹಗ್ಗದ ದಾರಿ, ಎಂಜಿನ್ ಮನೆ ಎಲ್ಲ ಒಂದೇ ವಾಕ್ಯದ ಪದಗಳ ಹಾಗೆ ಕೂಡಿಕೊಳ್ಳುತ್ತವೆ. ಬುಡದಲ್ಲಿ ಮಲಗಿ ಮೇಲಕ್ಕೆ ತೆಗೆದರೆ? ಮೋಡ ಚೆನ್ನಾಗಿ ಬರುತ್ತದೆ.

ಗೆಳೆಯರೊಬ್ಬರು ಹಾಗೆ ತೆಗೆದ ಫೋಟೋ ಒಂದನ್ನು ಮಾರಿಕುಪ್ಪಂ ಕಡೆಯ ಟೀ ಅಂಗಡಿಯಲ್ಲಿ ಗಣಿಯಲ್ಲಿ ದುಡಿದಿದ್ದ ಹಿರಿಯರೊಬ್ಬರಿಗೆ ತೋರಿಸಿದೆವು. ತಮಿಳು ಬೆರೆತ ಕನ್ನಡದಲ್ಲಿ ಅವರು ಕೇಳಿದ್ದು ಎರಡೇ ಪ್ರಶ್ನೆ. “ಇದು ಯಾವ ಶಾಫ್ಟು ಸಾರ್? ಎಂಜಿನ್ ಮನೆ ಯಾವ ಸೈಡು?” ಮೋಡದ ಬಗ್ಗೆ ಏನೂ ಹೇಳಲಿಲ್ಲ. ಆ ಎರಡು ಪ್ರಶ್ನೆಗಿಂತ ಒಳ್ಳೆಯ ಫೋಟೋ ವಿಮರ್ಶೆಯನ್ನು ನಾನು ಈವರೆಗೆ ಎಲ್ಲೂ ಓದಿಲ್ಲ.

ಮಂಗಳೂರಿನ ಚಿಮಣಿಗಳ ಕತೆಯೂ ಇದೇ. ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ್ದು 1865ರಲ್ಲಿ. ಆಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯಲ್ಲಿ ಒಂದರ ಹಿಂದೆ ಒಂದು ಎದ್ದವು. ಹೊಳೆ ಪಕ್ಕವೇ ಯಾಕೆ? ಜೇಡಿ ಮಣ್ಣು ಸಿಗುತ್ತಿದ್ದದ್ದು ಅಲ್ಲಿ, ಸಾಗಿಸಲು ದೋಣಿ ಇದ್ದದ್ದೂ ಅಲ್ಲಿ. ಚಿಮಣಿ ಅಷ್ಟೆತ್ತರ ಯಾಕೆ? ಬಿಸಿ ಗಾಳಿ ಹಗುರ, ಮೇಲೇರುತ್ತದೆ. ಕೊಳವೆ ಎತ್ತರವಾದಷ್ಟೂ ಆವೆಯೊಳಗೆ ಗಾಳಿಯ ಸೆಳೆತ ಹೆಚ್ಚು. ಹಾಗಾಗಿ ಚಿಮಣಿಯ ಜೊತೆ ಹೊಳೆಯೂ ಆವೆಯ ಮಾಡೂ ಚೌಕಟ್ಟಿನೊಳಗೆ ಬಂದರೆ ಆ ಫೋಟೋ ಒಂದು ಊರಿನ ಉದ್ಯೋಗದ ಕತೆ ಹೇಳುತ್ತದೆ. ಚಿಮಣಿ ಒಂದೇ ಬಂದರೆ ಅದು ಬರೀ ಕಂಬ.

ಬೆಷರ್ ದಂಪತಿಯ ಹಾಗೆ ದೊಡ್ಡ ಕ್ಯಾಮೆರಾ ನಮ್ಮ ಹತ್ತಿರ ಎಲ್ಲಿದೆ ಅಂತ ಕೇಳುವವರಿದ್ದಾರೆ. ಬೇಕಾಗಿಲ್ಲ. ಕ್ಯಾಮೆರಾ ಮೇಲಕ್ಕೆತ್ತಿದರೆ ಚಿಮಣಿ ಹಿಂದಕ್ಕೆ ವಾಲಿದ ಹಾಗೆ ಕಾಣುತ್ತದೆ. ಅದಕ್ಕೆ ಅವರು ಏಣಿ ಹತ್ತುತ್ತಿದ್ದರು, ಎದುರಿನ ದಿಬ್ಬವೋ ಮಹಡಿಯೋ ಹುಡುಕಿ ಕಟ್ಟಡದ ಅರ್ಧ ಎತ್ತರಕ್ಕೆ ಹೋಗುತ್ತಿದ್ದರು. ನಾವೂ ಹೋಗಬಹುದು. ಅದೂ ಆಗದಿದ್ದರೆ ದೂರ ಸರಿದು, ಮೊಬೈಲನ್ನು ನೆಟ್ಟಗೆ ಹಿಡಿದು, ಕೆಳಗಿನ ಖಾಲಿ ನೆಲವನ್ನು ಆಮೇಲೆ ಕತ್ತರಿಸಿದರಾಯಿತು. ಬೂದು ಆಕಾಶವನ್ನಂತೂ ಆಷಾಢ ಪುಕ್ಕಟೆ ಕೊಡುತ್ತದೆ. ಇನ್ನು ಅನುಮತಿ ಮುಖ್ಯ. ಬೆಷರ್ ದಂಪತಿಯೂ ಪತ್ರದ ಮೇಲೆ ಪತ್ರ ಬರೆದೇ ಒಳಗೆ ಹೋದವರು. ಹಳೇ ಶಾಫ್ಟಿನ ಬಾಯಿಯ ಹತ್ತಿರ ಬೇಲಿ ಹಾರಿ ಹೋಗುವುದು ಸಾಹಸ ಅಲ್ಲ, ಹುಚ್ಚುತನ. ಅಲ್ಲಿಯ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ.

ಇಷ್ಟೆಲ್ಲ ಹೊಗಳಿದ ಮೇಲೆ ಬೆಷರ್ ದಂಪತಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಅವರ ಚಿತ್ರದ ಕೆಳಗೆ ಇರೋದು ಕಟ್ಟಡದ ಬಗೆ, ಊರು, ದೇಶ, ವರ್ಷ ಅಷ್ಟೇ. ಆ ಕೇಜಿನಲ್ಲಿ ಕೆಳಗಿಳಿದವರು ಯಾರು, ಎಷ್ಟು ಹೊತ್ತು ದುಡಿದರು, ಮುಚ್ಚಿದ ಮೇಲೆ ಎಲ್ಲಿಗೆ ಹೋದರು ಎಂಬ ಸುಳಿವಿಲ್ಲ. ಬ್ರೆಜಿಲ್ಲಿನ ಸೆಬಾಸ್ಟಿಯಾವ್ ಸಲ್ಗಾಡೊ ತಮ್ಮ 1993ರ ಪುಸ್ತಕದಲ್ಲಿ ಪೂರ್ತಿ ಉಲ್ಟಾ ಮಾಡಿದರು. ಧನಬಾದಿನ ಕಲ್ಲಿದ್ದಲು ಕಾರ್ಮಿಕರೂ ಅದರಲ್ಲಿದ್ದಾರೆ. ಮಸಿ ಮೆತ್ತಿದ ಆ ಮುಖಗಳನ್ನು ಮರೆಯೋದು ಕಷ್ಟ. ಆದರೆ ಅಲ್ಲಿ ಯಂತ್ರದ ಕೆಲಸ ಹಿಂದಾಗುತ್ತದೆ. ಒಬ್ಬರಲ್ಲಿ ಮನುಷ್ಯರಿಲ್ಲದ ಗೋಪುರ, ಇನ್ನೊಬ್ಬರಲ್ಲಿ ಗೋಪುರಕ್ಕಿಂತ ದೊಡ್ಡ ಮನುಷ್ಯರು.

ಜರ್ಮನಿಯಲ್ಲಿ ಬೆಷರ್ ಹಾಗೆ ಮಾಡಿದ್ದು ನಡೆಯಿತು. ಯಾಕೆಂದರೆ ಅಲ್ಲಿ ಬೇರೆಯವರೂ ದಾಖಲೆ ಇಡುತ್ತಿದ್ದರು. ಡಾರ್ಟ್‌ಮುಂಡ್‌ನ ಜೊಲ್ಲರ್ನ್ ಗಣಿಯ ಯಂತ್ರಶಾಲೆಯನ್ನು ಕೆಡವಲು ಹೊರಟಾಗ ಬೇಡ ಅಂದವರಲ್ಲಿ ಈ ದಂಪತಿಯೂ ಇದ್ದರು. 1969ರಲ್ಲಿ ಅದು ರಕ್ಷಿತ ಸ್ಮಾರಕವಾಯಿತು, ಈಗ ಮ್ಯೂಸಿಯಂ. ಎಸ್ಸೆನ್ನಿನ ಜೊಲ್‌ಫರೈನ್ ಗಣಿ 2001ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅದೇ 2001ರ ಫೆಬ್ರವರಿ 28ಕ್ಕೆ ನಮ್ಮ ಕೆಜಿಎಫ್ ಗಣಿಗಳಿಗೆ ಬೀಗ ಬಿತ್ತು. ಏಷ್ಯಾದಲ್ಲೇ ಬಹಳ ಮೊದಲಿಗೆ, 1902ರಲ್ಲಿ, ಶಿವನಸಮುದ್ರದಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ತಂತಿ ಎಳೆದು ಕರೆಂಟು ತಂದ ಗಣಿ ಅದು. ಬೆಂಗಳೂರಿನಲ್ಲಿ ರಾಜಾ ಮಿಲ್ ಇದ್ದ ಜಾಗದಲ್ಲಿ ಈಗ ಮಾಲ್ ಇದೆ. ಮುಚ್ಚಿದ ಕಾರ್ಖಾನೆಯ ಯಂತ್ರಗಳು ನಮ್ಮಲ್ಲಿ ಸಾಮಾನ್ಯವಾಗಿ ಹೋಗುವುದು ಗುಜರಿಗೆ.

ಹೀಗಿರುವಾಗ ಹವ್ಯಾಸಿಯ ಫೋಟೋವೇ ಎಷ್ಟೋ ಕಡೆ ಉಳಿಯುವ ಒಂದೇ ದಾಖಲೆ. ‘ನಾವು ಖುಷಿಗೆ ತೆಗೆಯೋರು, ಇತಿಹಾಸಕಾರರಲ್ಲ’ ಅನ್ನೋ ಮಾತು ನನಗೆ ಒಪ್ಪಿಗೆಯಾಗೋದಿಲ್ಲ. ನಮಗೆ ಸಂಬಳ ಕೊಡುವ ಕಂಪನಿಯಿಲ್ಲ, ಕೊಳ್ಳುವ ಗ್ಯಾಲರಿಯಿಲ್ಲ. ಬೇಡಿಯವರಿಗೆ ಇಲ್ಲದ ಸ್ವಾತಂತ್ರ್ಯ ನಮಗಿದೆ. ಒಂದೇ ಚಿಮಣಿಗೆ ಹತ್ತು ಸಲ ಹೋಗಬಹುದು, ಹೋದಾಗ ಅಲ್ಲಿಯವರ ಜೊತೆ ಕೂತು ಮಾತಾಡಬಹುದು. ಬೆಷರ್‌ನ ನೇರ ನೋಟಕ್ಕೆ ಅವರು ಬಿಟ್ಟ ಮನುಷ್ಯರ ಮಾತನ್ನು ಸೇರಿಸುವ ಅವಕಾಶ ಇರೋದು ನಮಗೇ.

ಸೌಂದರ್ಯ ಬೇಡವೇ ಅಂತ ಕೇಳಬೇಡಿ. ಎಂಜಿನ್ನಿನ ಎಳೆತಕ್ಕೆ ಎದುರಾಗಿ ಕಾಲು ಚಾಚಿ ನಿಂತ ಹೆಡ್‌ಗೇರ್ ಯಾಕೆ ಹಾಗೆ ನಿಂತಿದೆ ಅಂತ ಗೊತ್ತಾದ ಮೇಲೆ ಅದು ಇನ್ನೂ ಚಂದ ಕಾಣುತ್ತದೆ. ಕಪ್ಪು ಮೋಡದ ಫೋಟೋ ಒಂದು ತೆಗೀರಿ, ಯಾರೂ ಬೇಡ ಅನ್ನೋದಿಲ್ಲ. ಅದರ ಜೊತೆಗೆ ಎದುರಿನಿಂದ ಒಂದು, ಪಕ್ಕದಿಂದ ಒಂದು, ಪೂರ್ತಿ ಆವರಣ ಕಾಣುವ ಹಾಗೆ ದೂರದಿಂದ ಒಂದು ತೆಗೆಯಿರಿ. ‘ಮೌನ’ ಅಂತ ಬರೆಯುವ ಜಾಗದಲ್ಲಿ ಊರು, ತಾರೀಕು, ಅದು ಮಾಡುತ್ತಿದ್ದ ಕೆಲಸ, ಅಲ್ಲಿ ದುಡಿದವರು ಅದನ್ನು ಕರೆಯುತ್ತಿದ್ದ ಹೆಸರು ಬರೆಯಿರಿ. ಆ ಹೆಸರು ತಮಿಳಿನಲ್ಲಿರಲಿ, ತುಳುವಿನಲ್ಲಿರಲಿ, ಇಂಗ್ಲಿಷ್ ಮುರಿದು ಮಾಡಿದ್ದಿರಲಿ, ಹಾಗೇ ಬರೆಯಿರಿ. ಗಣಿ ಮುಚ್ಚಿದಾಗ ನಲವತ್ತು ದಾಟಿದ್ದವರೆಲ್ಲ ಈಗ ಅರವತ್ತು ದಾಟಿದ್ದಾರೆ. ಯಾವ ಶಾಫ್ಟು, ಎಂಜಿನ್ ಮನೆ ಯಾವ ಸೈಡು ಅಂತ ಹೇಳಬಲ್ಲವರು ಇನ್ನೂ ಟೀ ಅಂಗಡಿಯಲ್ಲಿ ಸಿಗುತ್ತಾರೆ. ಮುಂದಿನ ಭಾನುವಾರ ಹೋದಾಗ ಕ್ಯಾಮೆರಾ ಜೊತೆ ಒಂದು ನೋಟ್‌ಬುಕ್ಕೂ ಇರಲಿ.