ಹೃದ್ರೋಗ ಸಂಶೋಧನೆಯೂ ಕನ್ನಡದ ‘ಎದೆ’ಯೂ

ಹೃದ್ರೋಗವನ್ನು ಕುರಿತು ಸಂಶೋಧನೆಗೆ ತೊಡಗುವ ತರುಣ ವೈದ್ಯರಿಗೆ ದೊರೆಯುವ ಧನಸಹಾಯದ ಪ್ರಸ್ತಾಪವು ಸಾಹಿತ್ಯಾಭ್ಯಾಸಿಗಳಿಗೆ ಹೊರತಾದುದೆಂದು ಕೆಲವರಿಗೆ ತೋರಬಹುದು. ಆದರೆ ಜನರ ನಡುವೆ ನಡೆಯುವ ಸಂಶೋಧನೆಯಲ್ಲಿ ಆ ಹಣದಿಂದ ಮೊತ್ತಮೊದಲು ಹುಟ್ಟಬೇಕಾದುದು ಔಷಧವಲ್ಲ, ಯಂತ್ರವಲ್ಲ, ಒಂದು ಬರಹ. ಸಂಶೋಧನೆಗೆ ಒಳಪಡುವವನಿಗೆ ತಿಳಿಯುವ ಭಾಷೆಯಲ್ಲಿಯೇ ವಿಷಯವನ್ನು ವಿವರಿಸಿ ಒಪ್ಪಿಗೆಯನ್ನು ಪಡೆಯತಕ್ಕುದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ನೀತಿಸೂತ್ರಗಳು ವಿಧಿಸಿವೆ. ಬರಹವಾದ ಮೇಲೆ ಅದು ವಿಮರ್ಶೆಗೆ ಪಾತ್ರವಾಗಲೇಬೇಕಷ್ಟೆ.

ಇದೇ ಪರಿಷತ್ತು 1979ರಿಂದ ವೈದ್ಯಕೀಯ ವಿದ್ಯಾರ್ಥಿಗಳಿಗೆ ಎರಡು ತಿಂಗಳ ಅವಧಿಯ ಶಿಷ್ಯವೇತನವನ್ನು ಕೊಡುತ್ತ ಬಂದಿದೆ. ಕೇಂದ್ರ ಸರಕಾರದ ಜೈವಿಕ ತಂತ್ರಜ್ಞಾನ ಇಲಾಖೆಯೂ ಇಂಗ್ಲೆಂಡಿನ ವೆಲ್‌ಕಮ್ ಟ್ರಸ್ಟೂ ಕೂಡಿ 2008ರಲ್ಲಿ ಸ್ಥಾಪಿಸಿದ ಇಂಡಿಯಾ ಅಲಯನ್ಸ್ ಸಂಸ್ಥೆಯು ತರುಣ ವಿಜ್ಞಾನಿಗಳಿಗೂ ವೈದ್ಯರಿಗೂ ದೀರ್ಘಾವಧಿಯ ವೃತ್ತಿಗಳನ್ನು ಕಲ್ಪಿಸಿತು. ಕಾರವಾರದಲ್ಲಿ 2013ರಲ್ಲಿ ಸರಕಾರಿ ವೈದ್ಯಕೀಯ ವಿದ್ಯಾಲಯವು ತೆರೆದುದರಿಂದ ಇಂಥ ಶಿಷ್ಯವೇತನದ ವಿಚಾರವು ಆ ಕರಾವಳಿಗೂ ದೂರದ ಮಾತಾಗಿ ಉಳಿದಿಲ್ಲ.

ಹೃದಯಶೂಲೆಯನ್ನು ಜನರಲ್ಲಿ ಕಂಡುಹಿಡಿಯಲು ಜೆಫ್ರಿ ರೋಸ್ ಎಂಬ ಆಂಗ್ಲ ವೈದ್ಯನು 1962ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯು ಲೋಕಪ್ರಸಿದ್ಧವಾಗಿದೆ. ಎದೆಯಲ್ಲಿ ನೋವುಂಟೆ, ಏರು ಹತ್ತುವಾಗ ಬರುವುದೆ, ಬಂದಾಗ ನಿಲ್ಲುವಿರೋ ನಡೆಯುತ್ತಲೇ ಇರುವಿರೋ, ಎಂದು ಅದು ಕ್ರಮವಾಗಿ ಕೇಳುತ್ತ ಹೋಗುತ್ತದೆ. ಇದನ್ನು ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಕೊಪ್ಪವೊಂದಕ್ಕೆ ಒಯ್ದರೆ ಮೊದಲ ಪ್ರಶ್ನೆಯಲ್ಲಿಯೇ ತೊಡಕು ಕಾಣುವುದು. ಹಳಗನ್ನಡದ ‘ಎರ್ದೆ’ಯಿಂದ ಬಂದ ‘ಎದೆ’ಯು ಶರೀರದ ಒಂದು ಭಾಗ, ಅದೇ ಧೈರ್ಯ, ಅದೇ ಮನಸ್ಸು, ಅದೇ ಸ್ತನ. ತರುಣ ವೈದ್ಯನೊಬ್ಬನು ವೃದ್ಧೆಯನ್ನು ‘ಎದೆ ನೋಯುವುದೆ’ ಎಂದು ಕೇಳಿದಾಗ ಆಕೆ ತಲೆತಗ್ಗಿಸಿದರೆ, ಆ ಮೌನವು ಪಟ್ಟಿಯಲ್ಲಿ ‘ಇಲ್ಲ’ವೆಂದು ದಾಖಲಾಗುವ ಸಂಭವವುಂಟು. ‘ಹೃದಯ’ವೆಂದರೆ ಸಾಹಿತ್ಯದ ಅಧ್ಯಾಪಕರಿಗೆ ಸಹೃದಯನ ನೆನಪಾಗಬಹುದು, ನೋವನ್ನು ಹೇಳಿಕೊಳ್ಳುವವರಿಗೆ ಅದು ಆಸ್ಪತ್ರೆಯ ಮಾತು.

ನಿಲ್ಲುವ ಪ್ರಶ್ನೆಯಲ್ಲಿರುವ ದೋಷವು ಇದಕ್ಕಿಂತ ಗಂಭೀರವಾದುದು. ನೋವು ಬಂದರೂ ನಿಲ್ಲದೆ, ನಿಧಾನಿಸದೆ ನಡೆಯುವವನನ್ನು, ಔಷಧವನ್ನು ಸೇವಿಸಿದ ಹೊರತು, ಆ ಪ್ರಶ್ನಾವಳಿಯು ರೋಗಿಯೆಂದು ಎಣಿಸುವುದಿಲ್ಲ. ಗುಡ್ಡದಿಂದ ದರಕಿನ ಹೊರೆಯನ್ನೋ ಕಟ್ಟಿಗೆಯನ್ನೋ ತಲೆಯ ಮೇಲೆ ಹೊತ್ತು ಇಳಿಯುವ ಹೆಂಗಸು ನಡುದಾರಿಯಲ್ಲಿ ಹೊರೆಯನ್ನು ಇಳಿಸಿದರೆ ಮತ್ತೆ ಎತ್ತಿಕೊಡುವವರಾರು? ಆಕೆ ನಡೆಯುತ್ತಲೇ ಇರುವಳು. ಲೆಕ್ಕದಿಂದ ಹೊರಗೇ ಉಳಿಯುವಳು. ಇಲ್ಲಿ ಶಬ್ದಶಃ ಅನುವಾದವು ಎಷ್ಟೇ ಶುದ್ಧವಾಗಿರಲಿ, ಪ್ರಶ್ನೆಯು ಮಾತ್ರ ಕನ್ನಡಕ್ಕೆ ಬಂದಿರುವುದಿಲ್ಲ.

ಅಮೆರಿಕೆಯ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 1948ರಲ್ಲಿ 5209 ಜನರೊಡನೆ ಆರಂಭವಾದ ಸಂಶೋಧನೆಯಿಂದ ಪ್ರಚುರವಾದ ‘ರಿಸ್ಕ್ ಫ್ಯಾಕ್ಟರ್’ ಎಂಬುದನ್ನು ಕನ್ನಡದಲ್ಲಿ ‘ಅಪಾಯಕಾರಿ ಅಂಶ’ವೆನ್ನುವುದು ರೂಢಿ. ಮೂಲದಲ್ಲಿರುವುದು ಸಂಭವದ ತೂಕ. ಕನ್ನಡದಲ್ಲಿ ಅಂಶವೇ ಕೊಲೆಗಡುಕನಾಗಿ ನಿಂತಿದೆ. ‘ಸಂಭವಹೇತು’ವೆಂದರೆ ಅರ್ಥವು ಹೆಚ್ಚು ಸಮೀಪವಾದೀತು. ‘ರಕ್ತದೊತ್ತಡ’ವಂತೂ ಅಚ್ಚಿನಲ್ಲಿ ಉಳಿದು, ಬಾಯಲ್ಲಿ ‘ಬಿಪಿ’ಯೇ ಗೆದ್ದಿದೆ. ಉಪ್ಪಿಗಾಗಿ 1930ರಲ್ಲಿ ಸತ್ಯಾಗ್ರಹವನ್ನು ಹೂಡಿದ ಅಂಕೋಲೆಯಲ್ಲಿ ಉಪ್ಪನ್ನು ಬಿಡಿರೆಂದು ಬೋಧಿಸುವವನಿಗೆ ಒಳ್ಳೆಯ ಗದ್ಯದ ನೆರವು ಸ್ವಲ್ಪ ಹೆಚ್ಚಾಗಿಯೇ ಬೇಕಾದೀತು!

ಹೀಗಿರಲು ಅನುವಾದವನ್ನು ಗುಮಾಸ್ತೆಯ ಕೆಲಸವೆಂದೆಣಿಸಿ ಕಡೆಯ ವಾರಕ್ಕೆ ಬಿಡುವುದು ಯುಕ್ತವಲ್ಲ. ಎರಡು ತಿಂಗಳ ವೇತನದಲ್ಲಿ ಹತ್ತು ದಿನಗಳನ್ನಾದರೂ ಜನರ ಮಾತನ್ನು ಕೇಳಿ ಪ್ರಶ್ನೆಗಳನ್ನು ತಿದ್ದುವುದಕ್ಕೆ ಮೀಸಲಿಡುವಂತೆ ಹಣ ಕೊಡುವವರೇ ನಿಯಮಿಸಬಹುದು. ಕನ್ನಡ ಅಧ್ಯಾಪಕನೊಬ್ಬನನ್ನು ಆ ಕೆಲಸಕ್ಕೆ ಜೊತೆಗೂಡಿಸಬಹುದು. ಕಾರವಾರಕ್ಕೆ ಅಷ್ಟೂ ಸಾಲದು. ಅಲ್ಲಿಯ ಅನೇಕರ ಮನೆಮಾತು ಕೊಂಕಣಿ. ಕನ್ನಡವು ಒಂದೇ ‘ಎದೆ’ಯಲ್ಲಿ ಅಡಗಿಸಿದುದನ್ನು ಆ ಭಾಷೆಯು ‘ಹರ್ದೆಂ’ ಎಂದೂ ‘ಕಾಳೀಜ’ ಎಂದೂ ಬೇರೆಬೇರೆಯಾಗಿ ಹೇಳುತ್ತದೆ.