ಆದೇಶದ ಉಳಿದರ್ಧ

ಅಮೆರಿಕದ ನರ್ಸಿಂಗ್ ಹೋಮ್ ನಮ್ಮೂರಿನ ಖಾಸಗಿ ಆಸ್ಪತ್ರೆಯಂಥದ್ದಲ್ಲ. ವಯಸ್ಸಾದವರು, ಹಾಸಿಗೆ ಹಿಡಿದವರು ವರ್ಷಗಟ್ಟಲೆ ಉಳಿಯುವ ಜಾಗ. ಅಲ್ಲಿ ಡಾಕ್ಟರು ದಿನಾ ಬರುವುದಿಲ್ಲ. ಮೊದಲ 90 ದಿನ 30 ದಿನಕ್ಕೊಮ್ಮೆ, ಆಮೇಲೆ 60 ದಿನಕ್ಕೊಮ್ಮೆಯಾದರೂ ನೋಡಬೇಕೆನ್ನುತ್ತದೆ ಫೆಡರಲ್ ನಿಯಮ. ಮಿಕ್ಕ ದಿನಗಳಲ್ಲಿ ರೋಗಿಯನ್ನು ಕಾಯುವುದು ಅವರು ಬರೆದಿಟ್ಟ ಆದೇಶ, ಅದನ್ನು ಓದುವ ನರ್ಸ್.

ಆ ಆದೇಶದ ಪಾಲನೆಯನ್ನು ಅಳೆಯುವ ಕ್ರಮದಲ್ಲಿ ಮೆಚ್ಚಬೇಕಾದ್ದಿದೆ. ತಪಾಸಣೆಗೆ ಬಂದವರು ದಾಖಲೆ ತಿರುವಿ ಹಾಕಿ ಹೋಗುವುದಿಲ್ಲ. ಔಷಧಿ ಕೊಡುವಾಗ ಜೊತೆಯಲ್ಲೇ ನಿಂತು ಕನಿಷ್ಠ 25 ಡೋಸ್ ನೋಡಿ, ಆದೇಶದೊಂದಿಗೆ ತಾಳೆ ಹಾಕುತ್ತಾರೆ. ತಪ್ಪು ಶೇ. 5 ಮುಟ್ಟಿದರೆ ಲೋಪ. 25ರಲ್ಲಿ ಒಂದು ತಪ್ಪಿದರೆ ಪಾರು, ಎರಡು ತಪ್ಪಿದರೆ ಇಲ್ಲ. ಜೀವಕ್ಕೆ ಕುತ್ತು ತರುವಂಥದ್ದಾದರೆ ಒಂದೇ ಸಾಕು. 1987ರ ನರ್ಸಿಂಗ್ ಹೋಮ್ ಸುಧಾರಣಾ ಕಾಯ್ದೆಯ ನಂತರ ಗಟ್ಟಿಯಾದ ಈ ಶಿಸ್ತನ್ನು ಹಗುರವಾಗಿ ಕಾಣಲಾಗದು.

ನನ್ನ ತಕರಾರು ಇರುವುದು ಆದೇಶದ ಉಳಿದರ್ಧದ ಬಗ್ಗೆ, ‘ನೋಡಿ, ತಿಳಿಸಿ’ ಎನ್ನುವ ಭಾಗದ ಬಗ್ಗೆ. ‘ಮೇಲಿನ ಬಿಪಿ 100ಕ್ಕಿಂತ ಕಡಿಮೆಯಿದ್ದರೆ ಮೆಟೊಪ್ರೊಲಾಲ್ ಕೊಡಬೇಡಿ, ನನಗೆ ತಿಳಿಸಿ.’ ‘ದಿನಾ ಬೆಳಗ್ಗೆ ತೂಕ ನೋಡಿ, ಏರಿದರೆ ಫೋನ್ ಮಾಡಿ.’ ಮಾತ್ರೆ ಕೊಟ್ಟದ್ದಕ್ಕೆ ಚಾರ್ಟಿನಲ್ಲಿ ಸಹಿಯ ಮನೆಯಿದೆ. ನೋಡಿ, ಯೋಚಿಸಿ, ಕರೆ ಮಾಡಿದ್ದಕ್ಕೆ ಅಷ್ಟು ಕಣ್ಣಿಗೆ ಬೀಳುವ ಜಾಗವಿಲ್ಲ.

ಇನ್ಸುಲಿನ್‌ನ ಉದಾಹರಣೆ ತೆಗೆದುಕೊಳ್ಳಿ. ಬೇಗ ಕೆಲಸ ಮಾಡುವ ಬಗೆಯದನ್ನು ಊಟಕ್ಕೆ ಸುಮಾರು 15 ನಿಮಿಷ ಮೊದಲು ಚುಚ್ಚುತ್ತಾರೆ. ಅಡುಗೆಮನೆಯಿಂದ ತಟ್ಟೆ ಬರುವುದು ಮುಕ್ಕಾಲು ಗಂಟೆ ತಡವಾಯಿತೆನ್ನಿ. ಮರೆವಿನ ಕಾಯಿಲೆಯ ಅಜ್ಜಿಗೆ ಸಕ್ಕರೆ ಇಳಿದು ಮೈ ಬೆವರುತ್ತದೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ; ತಲೆ ಸುತ್ತುತ್ತಿದೆ ಎಂದು ಹೇಳಲು ಆಕೆಗೆ ಬಾರದು. ಚಾರ್ಟಿನಲ್ಲಿ ಮಾತ್ರ ಡೋಸ್ ಸರಿ, ಹೊತ್ತು ಸರಿ, ಸಹಿಯೂ ಇದೆ.

ಈ ಲೋಪವನ್ನು ನರ್ಸ್ ಒಬ್ಬರ ತಲೆಗೆ ಕಟ್ಟುವುದು ಅನ್ಯಾಯ. ಲೈಸೆನ್ಸ್ ಇರುವ ನರ್ಸ್ ಹಗಲಿರುಳೂ ಇರಬೇಕಾದರೂ, ಹೆಚ್ಚು ತರಬೇತಿ ಪಡೆದ ರಿಜಿಸ್ಟರ್ಡ್ ನರ್ಸ್ ದಿನಕ್ಕೆ ಸತತ 8 ಗಂಟೆ ಇದ್ದರೆ ಕಾನೂನಿಗೆ ಸಾಕು. ಔಷಧಿ ಗಾಡಿ ತಳ್ಳಿಕೊಂಡು ಕೋಣೆಯಿಂದ ಕೋಣೆಗೆ ಓಡುವವರಿಗೆ ಮುಖ ನೋಡಲು ಪುರುಸೊತ್ತೆಲ್ಲಿ? ಅನುಮಾನ ಬಂದ ಆದೇಶವನ್ನು ಪ್ರಶ್ನಿಸುವುದೂ ಅವರ ಕರ್ತವ್ಯವೇ. ಔಷಧಿ ಬೇಡವೆನ್ನುವ ಹಕ್ಕು ಅಲ್ಲಿನ ನಿವಾಸಿಗೂ ಇದೆ. ಇವೆರಡಕ್ಕೂ ಸಮಯ ಬೇಕು.

ಅಲ್ಲಿ ಹೆತ್ತವರನ್ನು ಬಿಟ್ಟಿರುವ ಕನ್ನಡದ ಮಕ್ಕಳು, ಅವರ ಪರವಾಗಿ ದಾಖಲೆ ಕೇಳುವ ಅಧಿಕಾರ ಪಡೆದಿದ್ದರೆ, ದಯವಿಟ್ಟು ಅದನ್ನು ಬಳಸಿ. ಔಷಧಿ ಕೊಟ್ಟಿರಾ ಎಂದಷ್ಟೇ ಕೇಳಬೇಡಿ. ಕೊಡುವ ಮುಂಚೆ ಬಿಪಿ ಎಷ್ಟಿತ್ತು, ತೂಕ ಏರಿದಾಗ ಡಾಕ್ಟರಿಗೆ ಯಾರು ತಿಳಿಸಿದರು, ಅವರು ಏನೆಂದರು ಎಂದು ಕೇಳಿ.